ಮಿರಗದ ಮುಂಚಿನ ಶುಕ್ರವಾರಗಳು

ಇಚಲಕರಂಜಿಯ ಮಗ್ಗಗಳಿಗೆ ಶುಕ್ರವಾರ ಸೂಟಿ. ವಾರವಿಡೀ ಖಟಾಖಟ ಬಡಿದುಕೊಂಡ ಊರು ಅವತ್ತು ಬಾಯಿ ಮುಚ್ಚುತ್ತದೆ. ಮಂದಿ ಹೊದ್ದು ಮಲಗುತ್ತಾರೆ, ಸಂತೆಗೆ ಹೋಗುತ್ತಾರೆ, ಗಡ್ಡ ತೆಗೆಸಿಕೊಳ್ಳುತ್ತಾರೆ. ತಮ್ಮಣ್ಣನಿಗೆ ಮಾತ್ರ ಆ ಸುಮ್ಮನಿರುವುದು ಮೈಗೆ ಹತ್ತುತ್ತಿರಲಿಲ್ಲ. ಕತ್ತಲಿರುವಾಗಲೇ ಎದ್ದು ಕೂಡುತ್ತಿದ್ದ. ಕೂತಲ್ಲೇ ಬಲಗಾಲು ಕುಣಿಯುತ್ತಿತ್ತು. ಚಹಾದ ಬಟ್ಟಲು ಕೆಳಗಿಡುವುದರೊಳಗೆ ಬಾಗಿಲ ಕಡೆ ಎಷ್ಟು ಸಲ ನೋಡುತ್ತಿದ್ದನೋ.

"ಆ ಕಾಲ ಹಿಡೀರಿ. ಮನಿ ಅಳಗಾಡಾಕತ್ತೈತಿ," ಎನ್ನುತ್ತಿದ್ದಳು ಹೆಂಡತಿ ಚೆನ್ನವ್ವ.

"ನಾ ಏನ ಮಾಡೀನಿ?"

"ಏನೂ ಮಾಡಿಲ್ಲ. ಅದಕ್ಕ ಅಳಗಾಡಾಕತ್ತೈತಿ."

ತಮ್ಮಣ್ಣ ಜಾಬರ. ನೇಯುವವನಲ್ಲ. ನೇಯುವವನ ಮಗ್ಗ ಕೆಟ್ಟು ನಿಂತಾಗ ಎಲ್ಲರೂ ಕೂಗಿ ಕರೆಯುವುದು ಜಾಬರನನ್ನು. ಲಾಳಿ ಹಾರಿ ಹೊರಗೆ ಬಿತ್ತು, ಪಟ್ಟಾ ಸಡಿಲಾಯಿತು, ಬಟ್ಟೆಯಲ್ಲಿ ಗೆರೆ ಬಿತ್ತು, ಎಲ್ಲಕ್ಕೂ ಅವನೇ. ದಾದಾಸಾಹೇಬ ಎಂಬ ಮಾಲಕರ ಶೆಡ್ಡಿನಲ್ಲಿ ಹುಡುಗನಾಗಿದ್ದಾಗಿನಿಂದ ಇದ್ದ. ಆ ಸದ್ದಿನಲ್ಲಿ ನಿಂತು ನಿಂತು ಕಿವಿ ಮಂದವಾಗಿದ್ದವು. ಅವನೊಡನೆ ಮಾತಾಡಬೇಕಾದರೆ ಕೂಗಬೇಕು. ಅವನೂ ಕೂಗುತ್ತಲೇ ಮಾತಾಡುವವನು. ಗಂಡ ಹೆಂಡತಿ ಪಲ್ಯದ ಸುದ್ದಿ ಮಾತಾಡಿದರೂ ಜಗಳ ನಡೆದಿದೆ ಎಂದು ಓಣಿಯವರು ಇಣುಕಿ ನೋಡುತ್ತಿದ್ದರು.

ಒಂದು ದೀಪಾವಳಿಗೆ ಬೋನಸ್ ಬಂತು. ಮನೆಯ ಮೇಲಿನ ತಗಡು ತೂತು ಬಿದ್ದಿದ್ದವು, ಅದಕ್ಕಾಗುತ್ತದೆ ಎಂದು ಚೆನ್ನವ್ವ ಕಾದಿದ್ದಳು. ತಮ್ಮಣ್ಣ ಕೊಲ್ಹಾಪುರಕ್ಕೆ ಹೋಗಿ ಬಂದ. ತಗಡು ತರಲಿಲ್ಲ. ಕೈಯಲ್ಲಿ ಒಂದು ಹಳೆಯ ಕ್ಯಾಮೆರಾ ಇತ್ತು. ಮುಚ್ಚಿದರೆ ಡಬ್ಬಿ, ತೆಗೆದರೆ ಮುಂದೆ ಚರ್ಮದ ಮಡಿಕೆ ಹಾರ್ಮೋನಿಯಂ ಹಾಗೆ ಬಿಚ್ಚಿಕೊಳ್ಳುತ್ತಿತ್ತು. ಭವಾನಿ ಮಂಟಪದ ಹತ್ತಿರ ಕಾಕಾಸಾಹೇಬ ಎಂಬವರ ಸ್ಟುಡಿಯೋ. ಅವರೇ ಮಾರಿದ್ದು.

ಚೆನ್ನವ್ವ ಎರಡು ದಿನ ಅದನ್ನು ದೂರದಿಂದಲೇ ನೋಡಿದಳು. ಮೂರನೆಯ ದಿನ ಕೇಳಿದಳು:

"ಇದು ಮಳಿ ತಡೀತೈತೇನ್ರಿ?"

"ಇಲ್ಲ."

"ಮತ್ತ ಏನ ಮಾಡ್ತೈತಿ?"

"ಹೊರಗ ಕರಕೊಂಡ ಹೋಗ್ತೈತಿ," ಎಂದ ತಮ್ಮಣ್ಣ.

ನಿಜವೇ. ಅಂದಿನಿಂದ ಶುಕ್ರವಾರ ಅವನು ಮನೆಯಲ್ಲಿ ನಿಲ್ಲಲಿಲ್ಲ. ಪನ್ಹಾಳದ ಕೋಟೆ ಏರಿದ. ಪಂಚಗಂಗೆಯ ದಂಡೆ ಹಿಡಿದು ನಡೆದ. ಶಿರೋಳದ ಕಬ್ಬಿನ ಗದ್ದೆಯಲ್ಲಿ ನೀರು ಬಿಟ್ಟಾಗ ಬೆಳ್ಳಕ್ಕಿ ಇಳಿಯುತ್ತವೆಂದು ಬದುವಿನ ಮೇಲೆ ಬೋರಲು ಮಲಗಿದ, ಗದ್ದೆಯವರು ಕಳ್ಳನೆಂದು ಕಲ್ಲು ತೂರಿದರು. ಹಣೆ ಒಡೆದುಕೊಂಡು ಬಂದು ಚೆನ್ನವ್ವನ ಮುಂದೆ ನಕ್ಕ. ಅವಳಿಗೆ ನಗು ಬರಲಿಲ್ಲ, ಅರಿಷಿಣ ಹಚ್ಚಿದಳು.

ತೆಗೆದ ಫೋಟೋಗಳಲ್ಲಿ ಏನೂ ಇರುತ್ತಿರಲಿಲ್ಲ. ಉದ್ದಕ್ಕೆ ಆಕಾಶ, ಉದ್ದಕ್ಕೆ ನೀರು, ನಡುವೆ ಹಕ್ಕಿಯೆಂಬ ಒಂದು ಚುಕ್ಕೆ. ಕಾಕಾಸಾಹೇಬರು ತೊಳೆದ ಫೋಟೋವನ್ನು ಬೆಳಕಿಗೆ ಹಿಡಿದು, "ತಮ್ಮಣ್ಣಾ, ಹೀ ಮಾಶೀ ಕುಠಲೀ?" ಎಂದು ನಗುತ್ತಿದ್ದರು. ಈ ನೊಣ ಎಲ್ಲಿಯದೋ ಮಾರಾಯಾ ಎಂದು. ಆಮೇಲೆ ತಿಳಿಸಿ ಹೇಳಿದರು. ಈ ಕ್ಯಾಮೆರಾ ದೂರದ್ದನ್ನು ಹತ್ತಿರ ಎಳೆಯುವುದಿಲ್ಲ, ನೀನೇ ಹತ್ತಿರ ಹೋಗಬೇಕು, ಎರಡು ಮಾರು ಹತ್ತಿರ.

"ಎರಡು ಮಾರ ಹತ್ರ ಹ್ವಾದ್ರ ಹಕ್ಕಿ ಕುಂಡರತೈತೇನ್ರಿ?"

"ತೇ ತುಝಂ ಕಾಮ," ಎಂದರು ಅವರು. ಅದು ನಿನ್ನ ಕೆಲಸ.

ಈ ಮಾತು ಅವನ ತಲೆ ಹೊಕ್ಕಿತು.

ಅತ್ತ ಮಾಲಕರಿಗೂ ಶುಕ್ರವಾರವೇ ಬೇಕಾಗಿತ್ತು. ಮಗ್ಗ ನಿಂತ ದಿನವೇ ಅದರ ಹೊಟ್ಟೆ ಬಿಚ್ಚಿ ಸವೆದದ್ದು ತೆಗೆದು ಹೊಸದು ಹಾಕಲು ಬರುತ್ತದೆ. ಎಲ್ಲರಿಗೂ ಸೂಟಿ ಇದ್ದ ದಿನ ಜಾಬರನಿಗೆ ಕೆಲಸ. ಬೇರೆ ಶೆಡ್ಡುಗಳಲ್ಲಿ ಜಾಬರರು ಶುಕ್ರವಾರ ದುಡಿದು ಮೇಲಿನ ಕೂಲಿ ಎಣಿಸುತ್ತಿದ್ದರು. ತಮ್ಮಣ್ಣ ಒಂದು ಶುಕ್ರವಾರ ಶೆಡ್ಡಿಗೆ, ಒಂದು ಶುಕ್ರವಾರ ಹೊಳೆಗೆ ಎಂದು ಹೇಗೋ ಜಗ್ಗಿದ್ದ. ಹೊಳೆಯ ದಂಡೆಯಲ್ಲಿ ಮಗ್ಗದ ಚಿಂತೆ, ಮಗ್ಗದ ಕೆಳಗೆ ಹೊಳೆಯ ಚಿಂತೆ.

ಅರವತ್ನಾಲ್ಕನೆಯ ಇಸವಿಯ ಬೇಸಿಗೆಗೆ ದಾದಾಸಾಹೇಬರು ಎರಡನೆಯ ಶೆಡ್ಡು ಎಬ್ಬಿಸಿದರು. ಒಂದು ಸಂಜೆ ತಾವೇ ಓಣಿಗೆ ಬಂದು ಕಟ್ಟೆಯ ಮೇಲೆ ಕೂತರು. ಚೆನ್ನವ್ವ ಬೆಲ್ಲದ ಚಹಾ ಕೊಟ್ಟಳು.

"ತಮ್ಮಣ್ಣಾ, ಎರಡೂ ಶೆಡ್ಡಿಗೆ ದೊಡ್ಡ ಜಾಬರ ನೀನ. ಆದ್ರ ಮಿರಗದಿಂದ ಎಲ್ಲಾ ಶುಕ್ರವಾರ ನನ್ನವು. ಅದೇನ ಹಕ್ಕೀ ಹುಚ್ಚೈತಲಾ, ಅದನ್ನ ಬಿಡ."

"ಬಿಡ್ತೇನ್ರಿ ಮಾಲಕರ," ಎಂದ ತಮ್ಮಣ್ಣ ಕೂಗಿ. "ಒಂದ ಹಕ್ಕಿ ಸರಿಯಾಗಿ ಸಿಗ್ಲಿ. ಚುಕ್ಕಿ ಅಲ್ಲ, ಹಕ್ಕಿ. ಅದ ಸಿಕ್ಕ ಮ್ಯಾಲ ಶುಕ್ರವಾರ ನಿಮ್ಮವು."

"ಸಿಗ್ಲಿಲ್ಲಂದ್ರ?"

"ಮಿರಗದೊಳಗ ಸಿಗ್ತೈತ್ರಿ."

ಮಿರಗ ಅಂದರೆ ಮಳೆ ಕೂಡುವ ಹೊತ್ತು, ಜೂನಿನ ಮೊದಲ ವಾರ. ದಾದಾಸಾಹೇಬರು ನಕ್ಕು ಎದ್ದರು. ಚೆನ್ನವ್ವನಿಗೆ ಖುಷಿಯಾಯಿತು. ಹಕ್ಕಿ ಬೇಗ ಸಿಗಲಿ ಎಂದು ಅವಳು ದೇವರಿಗೆ ಊದಿನಕಡ್ಡಿಯನ್ನೂ ಹಚ್ಚಿದಳು. ಹಕ್ಕಿಯ ಸಲುವಾಗಿ ಅಲ್ಲ. ತಗಡಿನ ಸಲುವಾಗಿ.

ತಮ್ಮಣ್ಣ ಆಗಲೇ ಒಂದು ಹಕ್ಕಿ ನೋಡಿಟ್ಟಿದ್ದ. ಉದಗಾಂವದ ಕೆಳಗೆ ಕೃಷ್ಣಾ ಹೊಳೆ ಬೇಸಿಗೆಯಲ್ಲಿ ಸಣ್ಣದಾಗಿ ನಡುವೆ ಮರಳುದಿಬ್ಬ ಏಳುತ್ತದೆ. ದಿಬ್ಬದ ಒಂದು ತುದಿಗೆ ಗುರಣ್ಣ ಎಂಬ ಮುದುಕ ಕಲ್ಲಂಗಡಿ ಹಾಕುತ್ತಿದ್ದ. ಇನ್ನೊಂದು ತುದಿಗೆ ಹಕ್ಕಿಗಳು ಬರೀ ಮರಳಿನ ಮೇಲೆ ತತ್ತಿ ಇಡುತ್ತಿದ್ದವು. ಬೂದು ರೆಕ್ಕೆ, ಹಳದಿ ಕೊಕ್ಕು, ಕವಲು ಬಾಲ, ತಲೆಯ ಮೇಲೆ ಕರಿ ಟೊಪ್ಪಿಗೆ ಇಟ್ಟ ಹಾಗೆ. ಗುರಣ್ಣ ಅದಕ್ಕೆ ಟೊಪಗಿಹಕ್ಕಿ ಅನ್ನುತ್ತಿದ್ದ. ಗೂಡಿಲ್ಲ, ಮರವಿಲ್ಲ, ಮರೆಯಿಲ್ಲ. ಮನುಷ್ಯ ಕಂಡರೆ ಎದ್ದು ಹಾರಿ ತಲೆ ಕುಕ್ಕಲು ಬರುತ್ತವೆ.

ತಮ್ಮಣ್ಣ ಶೆಡ್ಡಿನಿಂದ ಹರಕು ಕೋರಾ ಬಟ್ಟೆ ತಂದ. ಇನ್ನೂ ಬಿಳುಪು ಮಾಡದ ಮಗ್ಗದ ಬಟ್ಟೆ, ಮರಳಿನದೇ ಬಣ್ಣ. ನಾಲ್ಕು ಕೋಲು ನೆಟ್ಟು ದೂರದಲ್ಲಿ ಮೊಣಕಾಲೆತ್ತರಕ್ಕೆ ಕಟ್ಟಿದ. ಹಕ್ಕಿಗಳು ಮೊದಲು ಅದನ್ನು ಬೈದವು, ಆಮೇಲೆ ಮರೆತವು. ಮುಂದಿನ ಸಲ ಬಂದಾಗ ಹತ್ತು ಹೆಜ್ಜೆ ಮುಂದೆ ಸರಿಸಿದ. ನಡುವೆ ಒಮ್ಮೆ ಬಟ್ಟೆಯನ್ನು ಯಾರೋ ಒಯ್ದರು. ಮತ್ತೆ ತಂದು ಕಟ್ಟಿದ. ಈ ಸಲ ಅದಕ್ಕೆ ಮಗ್ಗದ ಎಣ್ಣೆ ಮೆತ್ತಿ ಹೊಲಸು ಮಾಡಿದ್ದ. ಯಾರೂ ಒಯ್ಯಲಿಲ್ಲ.

ಮೇ ತಿಂಗಳು ಅರ್ಧ ಕಳೆಯಿತು. ತತ್ತಿಯೊಡೆದು ಮರಿ ಹೊರಗೆ ಬಂದವು ಎಂದು ಗುರಣ್ಣ ಹೇಳಿಕಳಿಸಿದ. ಶೆಡ್ಡಿನ ಸರದಿಯನ್ನೂ ಬಿಟ್ಟು ಎರಡು ಶುಕ್ರವಾರ ತಮ್ಮಣ್ಣ ಬಟ್ಟೆಯ ಕೆಳಗೆ ಬೋರಲು ಮಲಗಿ ಬಂದ. ಎರಡೂ ಸಲ ಬರಿಗೈ. ಮರಿಗಳ ಹತ್ತಿರ ತಾಯಿಹಕ್ಕಿ ಇಳಿಯುವ ಮೊದಲು ಮೇಲೆ ಒಂದು ಕೂಗು ಹಾಕುತ್ತದಂತೆ. ಅದು ಇವನಿಗೆ ಕೇಳುತ್ತಿರಲಿಲ್ಲ. ಕೇಳದೆ, ಬಂತೋ ಇಲ್ಲವೋ ಎಂದು ತಲೆ ಎತ್ತುತ್ತಿದ್ದ. ತಲೆ ಎತ್ತಿದರೆ ಹಕ್ಕಿ ಹಾರಿತು.

ಮುಂದಿನ ಗುರುವಾರ ಊಟಕ್ಕೆ ಕೂತಾಗ ಅಂದ:

"ನಾಳೆ ನೀ ಬಾ."

"ಎಲ್ಲಿಗಿ?"

"ಹೊಳೀಗಿ."

"ಅರಿಬಿ ಒಗಿಯಾಕೇನ್ರಿ?"

"ಇಲ್ಲ. ಹಕ್ಕಿ ಕೂಗಿದ್ದ ಹೇಳಾಕ."

ಚೆನ್ನವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಅವನ ಮುಖ ನೋಡಿದಳು. ಕಿವಿ ಕೇಳುವುದಿಲ್ಲ ಎಂದು ಅವನು ಬಾಯಿಬಿಟ್ಟು ಯಾರಿಗೂ ಹೇಳಿದವನಲ್ಲ. ಹೆಂಡತಿಗೂ ಹೇಳಿದವನಲ್ಲ.

"ಹುಡುಗರನ್ನ ನೆಗೆಣ್ಣಿ ಕಡೆ ಬಿಡ್ತೇನಿ," ಎಂದಳು.

ಮೊದಲ ಎಸ್ಟಿ ಬಸ್ಸಿಗೆ ಹೋಗಿ ಜಯಸಿಂಗಪುರದಲ್ಲಿ ಇಳಿದು ನಡೆದರು. ಹೊಳೆಯಲ್ಲಿ ಮೊಣಕಾಲು ನೀರು. ಸೀರೆ ಎತ್ತಿ ಕಟ್ಟಿ ದಾಟುವಾಗ ಗುರಣ್ಣ ಕಲ್ಲಂಗಡಿಯ ಬಳ್ಳಿಯ ನಡುವಿನಿಂದ ಕೂಗಿದ:

"ತಂಗೀ, ಇಂವಂತೂ ಹುಚ್ಚ. ನೀನೂ ಬಂದೇನವಾ?"

"ಒಬ್ಬರ ಹುಚ್ಚ ಆದ್ರ ಮಂದಿ ನಗ್ತಾರ ಕಾಕಾ. ಅದಕ್ಕ ಬಂದೇನಿ."

ಬಟ್ಟೆಯ ಕೆಳಗೆ ಇಬ್ಬರೂ ಬೋರಲು ಮಲಗಿದರು. ಬಿಸಿಲು ಏರಿತು. ಮರಳು ಹೊಟ್ಟೆಯನ್ನು ಸುಟ್ಟಿತು. ಮಗ್ಗದೆಣ್ಣೆಯ ನಾತ, ಬೆವರು, ಕಣ್ಣಿಗೆ ಮುತ್ತುವ ನೊಣ. ತಮ್ಮಣ್ಣನ ಕಾಲು ಅಲ್ಲಿಯೂ ಕುಣಿಯುತ್ತಿತ್ತು. ಚೆನ್ನವ್ವ ತನ್ನ ಕಾಲನ್ನು ಅದರ ಮೇಲೆ ಹೇರಿ ಒತ್ತಿ ಹಿಡಿದಳು. ಇದೆಂಥ ಸೂಟಿ ಎಂದು ಬೈದುಕೊಂಡಳು. ಮನೆಯಲ್ಲಿ ಕಾಳು ಹಸನು ಮಾಡುವುದಿತ್ತು, ಕೌದಿ ಹೊಲಿಯುವುದಿತ್ತು. ಎದುರಿಗೆ ಎರಡು ಮಾರಿನಲ್ಲಿ ಏನೂ ಇರಲಿಲ್ಲ, ಬರೀ ಮರಳು. ತುಸು ಹೊತ್ತಿಗೆ ಆ ಮರಳು ಉಸಿರಾಡಿತು. ನೋಡಿದರೆ ಎರಡು ಮರಿಗಳು. ಅಷ್ಟು ಹೊತ್ತೂ ಅಲ್ಲೇ ಇದ್ದವು, ಅವಳ ಕಣ್ಣಿಗೆ ಬಿದ್ದಿರಲಿಲ್ಲ.

ಮೇಲೆ ಕೀರೆಂದು ಕೂಗು ಕೇಳಿತು. ಚೆನ್ನವ್ವ ಗಂಡನ ಬೆನ್ನಿಗೆ ಬೆರಳು ಒತ್ತಿದಳು. ಅವನು ಉಸಿರು ಹಿಡಿದ. ಹಕ್ಕಿ ಇಳಿಯಿತು. ನಡೆದು ಮರಿಗಳ ಹತ್ತಿರ ಬಂತು. ಬಿಸಿಲಿಗೆ ಬೆನ್ನು ಕೊಟ್ಟು ನಿಂತು ಎರಡೂ ರೆಕ್ಕೆಗಳನ್ನು ಅಗಲಿಸಿ ಮರಿಗಳ ಮೇಲೆ ನೆರಳು ಮಾಡಿತು. ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ಅದಕ್ಕೂ ಬಿಸಿಲು ಸುಡುತ್ತಿತ್ತು, ಆದರೂ ನಿಂತಿತ್ತು. ಚೆನ್ನವ್ವ ಕೌದಿಯನ್ನೂ ಕಾಳನ್ನೂ ಮರೆತಳು.

ಕ್ಯಾಮೆರಾ ಟಕ್ ಎಂದಿತು.

ಆ ಟಕ್ ಮುಗಿಯುವುದರೊಳಗೆ ದಿಬ್ಬದ ಆ ಕಡೆಯಿಂದ ಗುರಣ್ಣ ಓಡಿಬರುತ್ತ ಕೂಗಿದ. "ತಮ್ಮಣ್ಣಾ! ಏ ತಮ್ಮಣ್ಣಾ! ಅಣ್ಣಾಸಾಹೇಬರು ಹೋದ್ರಪಾ!" ಹಕ್ಕಿಗಳೆಲ್ಲ ಒಮ್ಮೆಲೇ ಎದ್ದವು. ತಮ್ಮಣ್ಣನಿಗೆ ಮಾತು ಕೇಳಿಸಲಿಲ್ಲ, ಹಕ್ಕಿ ಎದ್ದದ್ದು ಕಾಣಿಸಿತು. ಬಟ್ಟೆ ಕಿತ್ತು ಹೊರಬಂದ. ಕ್ಯಾಮೆರಾ ಮಡಿಚಿ ಹೆಗಲಿಗೆ ಹಾಕಿಕೊಂಡ.

ಅಣ್ಣಾಸಾಹೇಬರೆಂದರೆ ಉದಗಾಂವದ ದೊಡ್ಡ ಒಕ್ಕಲು. ಅವರ ಹಿರಿಮಗಳ ಗಂಡನೇ ದಾದಾಸಾಹೇಬರು. ಲಿಂಗಾಯತರ ಮನೆಗಳಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂಡ್ರಿಸುತ್ತಾರೆ, ರುಮಾಲು ಸುತ್ತಿ ವಿಭೂತಿ ಹಚ್ಚಿ ಹೂ ಹಾಕಿ, ಮಣ್ಣು ಕೊಡುವ ಮೊದಲು ಫೋಟೋ ತೆಗೆಸುತ್ತಾರೆ. ಆ ಫೋಟೋಗೇ ಮುಂದೆ ಪೂಜೆ. ಜಯಸಿಂಗಪುರದ ಫೋಟೋದವನು ಮದುವೆಯ ಮೇಲೆ ಮಿರಜಿಗೆ ಹೋಗಿದ್ದ. ಹೊಳೆಯಲ್ಲಿ ಕ್ಯಾಮೆರಾದವನೊಬ್ಬ ಇದ್ದಾನೆಂದು ಯಾರೋ ಅಂದರು. ಮನೆಯವರು ಗುರಣ್ಣನಿಗೆ ಹೇಳಿಕಳಿಸಿದ್ದರು.

ಪಡಸಾಲೆ ಮಂದಿಯಿಂದ ತುಂಬಿತ್ತು. ದಾದಾಸಾಹೇಬರೂ ಇದ್ದರು. ತಮ್ಮ ಜಾಬರನನ್ನು ಕಂಡು, "ಛಲೋ ಆತು ಮಾರಾಯಾ, ದೇವರ ಕಳಿಸಿದಂಗ ಬಂದಿ," ಎಂದರು. ಸತ್ತವರ ಮಗ ರಾವಸಾಹೇಬ ಜನರನ್ನು ಸರಿಸಿ ಜಾಗ ಮಾಡಿದ. ಅಣ್ಣಾಸಾಹೇಬರು ಗೋಡೆಗೆ ಒರಗಿ ಕೂತಿದ್ದರು. ಅವರ ಹೆಂಡತಿ ಗುರುಸಿದ್ದವ್ವ ಪಕ್ಕದಲ್ಲಿ. ಆಕೆ ಅಳುತ್ತಿರಲಿಲ್ಲ. ಗಂಡನ ರುಮಾಲು ಜಾರುತ್ತಿತ್ತು, ಅದನ್ನೇ ಮತ್ತೆ ಮತ್ತೆ ಸರಿ ಮಾಡುತ್ತಿದ್ದಳು.

"ಇವರದೊಂದೂ ಫೋಟೋ ಇಲ್ಲಪಾ ಮನ್ಯಾಗ," ಎಂದಳು ತಮ್ಮಣ್ಣನಿಗೆ. "ತಗಸೂಣು ಅಂದ್ರ ಬೈತಿದ್ರು. ಮಾರಿ ಸರಿಯಾಗಿ ಬರೂಹಂಗ ತಗಿ."

ತಮ್ಮಣ್ಣ ಕ್ಯಾಮೆರಾದ ಬೆನ್ನು ನೋಡಿದ. ಅಲ್ಲೊಂದು ಕೆಂಪು ಕಿಂಡಿ. ಒಂದು ರೋಲಿಗೆ ಹನ್ನೆರಡು ಫೋಟೋ, ಎಷ್ಟನೆಯದು ಎಂಬುದು ಆ ಕಿಂಡಿಯಲ್ಲಿ ಕಾಣುತ್ತದೆ. ಹನ್ನೆರಡು ಕಂಡಿತು. "ಒಂದ ಉಳದೈತಿ," ಎಂದ ಹೆಂಡತಿಗೆ. ಆ ಒಂದನ್ನು ಉಸಿರು ಹಿಡಿದು ತೆಗೆದ. ಕೈಮುಗಿದು ಹೊರಬಂದ.

ದಾರಿಯಲ್ಲಿ ಅವನಿಗೆ ದುಃಖವೂ ಆಗಿತ್ತು, ಸಂತೋಷವೂ ಆಗಿತ್ತು, ಎರಡನ್ನೂ ಎಲ್ಲಿ ಇಡಬೇಕೋ ತಿಳಿಯದೆ ಬಸ್ಸಿನಲ್ಲಿ ಎದ್ದು ಎದ್ದು ಕೂತ.

"ಸಿಕ್ಕೈತಿ," ಎಂದ. "ಇನ್ನ ಶುಕ್ರವಾರ ಮಾಲಕರದು. ತಗಡಾ ಹಾಕ್ಸೂಣು."

ಚೆನ್ನವ್ವ ಹೂಂ ಎಂದಳು. ಅವಳು ಆ ರೆಕ್ಕೆಗಳನ್ನೇ ನೆನೆಸುತ್ತಿದ್ದಳು.

ಸೋಮವಾರ ಹೊಟ್ಟೆನೋವೆಂದು ಹೇಳಿ ತಮ್ಮಣ್ಣ ಕೊಲ್ಹಾಪುರಕ್ಕೆ ಹೊರಟ. ಚೆನ್ನವ್ವನೂ ಹೊರಟಳು. ಕಾಕಾಸಾಹೇಬರು ರೋಲು ತೊಳೆಯಲು ಕತ್ತಲ ಕೋಣೆಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಬಂದಾಗ ನಗುತ್ತಿರಲಿಲ್ಲ.

"ಹೇ ಕಾಯ ಕೇಲಂಸ ರೇ?" ಇದೇನು ಮಾಡಿದೆಯೋ ಎಂದು ಒಂದು ಹಸಿ ಕಾಪಿ ಮೇಜಿನ ಮೇಲೆ ಇಟ್ಟರು.

ಅಣ್ಣಾಸಾಹೇಬರು ಕೂತಿದ್ದರು. ಅವರ ರುಮಾಲಿನ ಮೇಲೆ ಟೊಪಗಿಹಕ್ಕಿ ರೆಕ್ಕೆ ಅಗಲಿಸಿ ನಿಂತಿತ್ತು. ರೆಕ್ಕೆಗಳು ಎರಡೂ ಕಿವಿಗಳ ಮೇಲೆ ಇಳಿದಿದ್ದವು. ಹಣೆಯ ವಿಭೂತಿಯ ಮೇಲೆ ಮರಿಗಳು. ಎದೆಯ ತುಂಬ ಹೂವಿನೊಳಗೆ ಮರಳು. ಹಕ್ಕಿಯ ಒಂದೊಂದು ಗರಿ, ತೆರೆದ ಕೊಕ್ಕು, ಕಣ್ಣಿನ ಹೊಳಪು, ಎಲ್ಲ ಚೊಕ್ಕ. ಚುಕ್ಕೆ ಅಲ್ಲ. ಹಕ್ಕಿ.

ಫೋಟೋ ತೆಗೆದ ಮೇಲೆ ಕೈಯಿಂದ ತಿರುಪಿ ರೋಲನ್ನು ಮುಂದೆ ಸರಿಸಬೇಕು. ತಮ್ಮಣ್ಣ ಎಂದೂ ಮರೆತವನಲ್ಲ. ಆವತ್ತು ಗುರಣ್ಣ ಕೂಗಿದ, ಹಕ್ಕಿ ಎದ್ದವು, ಇವನು ತಿರುಪದೆ ಮಡಿಚಿದ. ಹಕ್ಕಿಯೇ ಹನ್ನೆರಡನೆಯದು. ಅದರ ಮೇಲೆಯೇ ಅಣ್ಣಾಸಾಹೇಬರು ಕೂತರು.

ಅವನ ಕಾಲು ಆಗ ಕುಣಿಯಲಿಲ್ಲ. ಚೆನ್ನವ್ವನಿಗೆ ಅದನ್ನು ಕಂಡೇ ಹೆದರಿಕೆಯಾಯಿತು.

ಹಕ್ಕಿಯನ್ನು ತೆಗೆಯಬಹುದು ಎಂದರು ಕಾಕಾಸಾಹೇಬರು. ಒಂದೇ ಕಾಪಿ ಸಾಕಾದರೆ ಕಾಗದದ ಮೇಲೆ ಕುಂಚದಿಂದ ತಿದ್ದಿದರಾಯಿತು. ನಾಲ್ಕಾರು ಕಾಪಿ ಬೇಕೆಂದರೆ ನೆಗೆಟಿವನ್ನೇ ಕತ್ತಿಯಿಂದ ಕೆರೆಯಬೇಕು, ಆಮೇಲೆ ಹಕ್ಕಿ ಎಂದೂ ಬರುವುದಿಲ್ಲ. ಚೆನ್ನವ್ವ ಹೇಳಿದಳು:

"ಮದಲ ಅವರಿಗಿ ತೋರಸೂಣ್ರಿ. ಮುಚ್ಚಿಟ್ಟ ಮಾಡೂದ ಬ್ಯಾಡ. ಯಾರಿಗಿ ಗೊತ್ತು, ಇದ ಛಲೋ ಐತಿ ಅಂದಾರು."

ಅವಳಿಗೆ ಆ ಆಸೆ ಇತ್ತು. ಸತ್ತವರ ತಲೆಯ ಮೇಲೆ ಹಕ್ಕಿ ನೆರಳು ಹಿಡಿದರೆ ಅದಕ್ಕಿಂತ ಛಲೋದು ಏನಿದೆ ಎಂದು ಅವಳ ಲೆಕ್ಕ.

ಶುಕ್ರವಾರ ಉದಗಾಂವಕ್ಕೆ ಹೋದರು. ದಾದಾಸಾಹೇಬರು ಪಡಸಾಲೆಯಲ್ಲೇ ಇದ್ದರು. ತಮ್ಮಣ್ಣ ನಡೆದದ್ದನ್ನೆಲ್ಲ ಹೇಳಿ ಕಾಪಿಯನ್ನು ರಾವಸಾಹೇಬನ ಕೈಗೆ ಕೊಟ್ಟ. ರಾವಸಾಹೇಬನ ಮುಖ ಕೆಂಪೇರಿತು.

"ನಮ್ಮಪ್ಪನ ತಲೀ ಮ್ಯಾಲ ಹಕ್ಕಿ ಕುಂಡರ್ಸಿ ತಂದೀ? ಏನಂತ ತಿಳದೀ? ಅಂವೇನ ಹೊಲದಾಗಿನ ಬೆದರುಗೊಂಬೀನ?"

"ತಪ್ಪಾತ್ರಿ."

"ತಪ್ಪಾತಂತ! ಮಣ್ಣ ಕೊಟ್ಟ ಬಂದೀವಿ, ಮತ್ತೊಮ್ಮೆ ಕುಂಡರ್ಸಾಕ ಆಗ್ತೈತೇನು?"

"ರಾವಸಾಬ, ಕೂಗಬ್ಯಾಡ. ಇಲ್ಲಿ ತಾ," ಎಂದಳು ಒಳಗಿನಿಂದ ಬಂದ ಗುರುಸಿದ್ದವ್ವ. ಕಾಪಿಯನ್ನು ಬಾಗಿಲ ಬೆಳಕಿಗೆ ಒಯ್ದು ನೋಡಿದಳು. ಕಣ್ಣಿನ ಹತ್ತಿರ ಹಿಡಿದಳು, ದೂರ ಹಿಡಿದಳು.

"ಇದೇನವಾ ಹಣೀ ಮ್ಯಾಲ?" ಎಂದು ಚೆನ್ನವ್ವನನ್ನು ಕೇಳಿದಳು.

"ಮರಿ ರೀ ಆಯಿ. ಬಿಸಲಿಗಿ ತಾಯಿ ನೆಳ್ಳ ಮಾಡೈತಿ. ನಾ ಕಣ್ಣಾರೆ ನೋಡೇನಿ. ಭಾಳ ಹೊತ್ತ ನಿಂತಿತ್ರಿ. ಇವರಿಗೂ ನೆಳ್ಳ ಮಾಡಿದಂಗ ಕಾಣ್ತೈತ್ರಿ."

"ಛಲೋ ಹಕ್ಕಿ," ಎಂದಳು ಗುರುಸಿದ್ದವ್ವ. ಚೆನ್ನವ್ವನ ಜೀವ ಅರಳಿತು. ಆಮೇಲೆ ಆಕೆ ಅಂದಳು:

"ಹಕ್ಕಿ ತಗೀರಿ. ನನಗ ಇವರೊಬ್ಬರ ಬೇಕು."

ನಾಲ್ಕು ಹೆಣ್ಣುಮಕ್ಕಳ ಮನೆಗೂ ಒಂದೊಂದು ಕಾಪಿ ಬೇಕೆಂದಳು. ರಾವಸಾಹೇಬ ಆ ಕಾಪಿಯನ್ನು ಅಂಗಳದಲ್ಲೇ ಹರಿದು ಒಲೆಗೆ ಹಾಕಿದ.

ಚೆನ್ನವ್ವನಿಗೆ ಆಗ ಮುದುಕಿಯ ಮೇಲೆ ಸಿಟ್ಟು ಬಂತು. ಎಂಥ ಕಲ್ಲು ಮನಸ್ಸು, ಹಕ್ಕಿ ಇದ್ದರೆ ಏನು ಕಳೆದುಕೊಳ್ಳುತ್ತಿದ್ದಳು ಎಂದು. ಈಗ ತಮ್ಮಣ್ಣ ಇಲ್ಲ. ಅರವತ್ತೆಂಟನೆಯ ಇಸವಿಯಲ್ಲಿ ಎದೆಯಲ್ಲಿ ಹತ್ತಿಯ ಧೂಳು ತುಂಬಿ ಹೋದ. ಅವನನ್ನೂ ಗೋಡೆಗೆ ಒರಗಿಸಿದರು, ಅವಳೂ ಪಕ್ಕದಲ್ಲಿ ಕೂತಳು. ಮಂದಿ ಬಂದು ಒಳ್ಳೊಳ್ಳೆಯ ಮಾತು ಹೇಳಿದರು. ದೇವರು ನೆರಳು ಮಾಡಲಿ ಎಂದರು. ಅವಳಿಗೆ ಯಾವ ನೆರಳೂ ಬೇಕಾಗಿರಲಿಲ್ಲ. ಆವತ್ತಿನಿಂದ ಅವಳಿಗೆ ಗುರುಸಿದ್ದವ್ವನ ಮೇಲೆ ಸಿಟ್ಟಿಲ್ಲ.

ಆ ಶುಕ್ರವಾರ ಇಬ್ಬರೂ ಉದಗಾಂವದಿಂದ ನೆಟ್ಟಗೆ ಕೊಲ್ಹಾಪುರಕ್ಕೆ ಹೋದರು. ಕಾಕಾಸಾಹೇಬರು ನೆಗೆಟಿವನ್ನು ಗಾಜಿನ ಮೇಲೆ ಇಟ್ಟು ಸಣ್ಣ ಕತ್ತಿ ತೆಗೆದುಕೊಂಡರು. ತಮ್ಮಣ್ಣನ ಮುಖ ನೋಡಿ ಕೈ ತಡೆದರು. ದನಿ ತಗ್ಗಿಸಿ, ಆಮೇಲೆ ಇವನಿಗೆ ಕೇಳಲಿಲ್ಲವೆಂದು ಏರಿಸಿ, ಮೊದಲು ನಿನಗೊಂದು ಕಾಪಿ ತೆಗೆದುಕೊಡಲೇ, ಯಾರಿಗೂ ಹೇಳುವುದಿಲ್ಲ ಎಂದು ಕೇಳಿದರು.

"ನಕೋ," ಎಂದ ತಮ್ಮಣ್ಣ. ಬೇಡ.

ಕತ್ತಿ ಆಡಿತು. ಮೊದಲು ಬಲರೆಕ್ಕೆ ಹೋಯಿತು. ಚೆನ್ನವ್ವ ಹೊರಗೆ ಬಂದು ರಸ್ತೆ ನೋಡುತ್ತ ನಿಂತಳು.

ಬಸ್ಸಿನಲ್ಲಿ ಅವಳು ಹಾತಕಣಂಗಲೆ ದಾಟುವ ತನಕ ತಡೆದಳು. ಆಮೇಲೆ ತಡೆಯಲಿಲ್ಲ.

"ಒಂದ ಕಾಪಿ ಇಸ್ಕೊಂಡಿದ್ರ ಯಾರ ಗಂಟ ಹೋಗ್ತಿತ್ರಿ? ಪೆಟಗಿ ತಳದಾಗ ಇಡ್ತಿದ್ದೆ. ಅಷ್ಟ ಶುಕ್ರವಾರ, ಅಷ್ಟ ಬಿಸಲಾ!"

"ಇಟ್ಕೊಂಡ ಯಾರನ್ನ ನೋಡ್ಲಿ ನಾ? ಹಕ್ಕೀ ನೋಡಾಕ ಹ್ವಾದ್ರ ಅವರ ನೋಡ್ತಾರ," ಎಂದ ಅವನು ಕೂಗಿ. ಬಸ್ಸಿನವರೆಲ್ಲ ತಿರುಗಿದರು. "ಆಯಿ ಇವರೊಬ್ಬರ ಬೇಕಂದ್ಳು. ಒಬ್ಬರನ್ನ ಕೊಟ್ಟ ಬಿಡೂದು."

ಚೆನ್ನವ್ವ ಕಿಟಕಿಯ ಕಡೆ ತಿರುಗಿದಳು. ಇಷ್ಟು ದಿನ ಆ ಕ್ಯಾಮೆರಾ ಒಡೆದು ಹೋಗಲಿ ಎಂದವಳೇ ಅವಳು.

ಜೂನಿನ ಮೊದಲ ವಾರ ಗುಡುಗಿತು. ಎರಡು ಮಳೆಯಾದವು, ಕೃಷ್ಣೆಗೆ ಕೆಂಪು ನೀರು ಬಂತು, ದಿಬ್ಬ ಮುಳುಗಿತು ಎಂದು ಸುದ್ದಿ ಬಂತು. ಮರಿಗಳು ಆಗಲೇ ಹಾರಿದ್ದವಂತೆ. ದಾದಾಸಾಹೇಬರು ಕೊಡೆ ಹಿಡಿದು ಓಣಿಗೆ ಬಂದರು. ಖುಷಿಯಲ್ಲಿದ್ದರು. ಮಾವನ ಫೋಟೋಗೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದರಂತೆ, ಮಾತಾಡಿದ ಹಾಗೆ ಕಾಣುತ್ತಾರಂತೆ.

"ತಮ್ಮಣ್ಣಾ, ಮಿರಗ ಕೂಡ್ತು. ನಾಳಿ ಶುಕ್ರವಾರ ಹೊಸಾ ಶೆಡ್ಡಿಗಿ ಬಾ. ಕೀಲಿಕೈ ನಿನ್ನ ಕೈಯಾಗ ಕೊಡ್ತೇನಿ."

ತಮ್ಮಣ್ಣ ನೆಲ ನೋಡಿದ. ಮಾತು ಕೊಟ್ಟಿದ್ದ, ಅವನಿಗೆ ಮಾತು ತಪ್ಪಿ ಗೊತ್ತಿಲ್ಲ. ಹೂಂ ಅನ್ನಲು ಬಾಯಿ ತೆರೆದ. ತಗಡಿನಿಂದ ನೀರು ಸೋರಿ ಚೆನ್ನವ್ವ ಇಟ್ಟ ಬೋಗುಣಿಯಲ್ಲಿ ಟಪ್ ಟಪ್ ಬೀಳುತ್ತಿತ್ತು. ಅವಳು ಆ ಬೋಗುಣಿಯನ್ನು ಎತ್ತಿ ಅಂಗಳಕ್ಕೆ ಚೆಲ್ಲಿ ಬಂದು ಬಾಗಿಲಲ್ಲಿ ನಿಂತಳು.

"ಮಾಲಕರ, ಮಾತ ಏನಿತ್ರಿ?"

"ಯಾವ ಮಾತವಾ?"

"ಒಂದ ಹಕ್ಕಿ ಸಿಕ್ಕ ಮ್ಯಾಲ ಶುಕ್ರವಾರ ನಿಮ್ಮವು ಅಂದಿದ್ರಲಾ ಇವರು. ಹಕ್ಕಿ ಸಿಕ್ಕಿಲ್ರಿ."

"ಸಿಕ್ಕಿತ್ತಲಾ?"

"ಸಿಕ್ಕಿದ್ದ ಹಕ್ಕಿ ನಿಮ್ಮ ಮಾವನ ಮನಿಗಿ ಹೋತ್ರಿ. ಕೆರದ ಕೊಟ್ಟಾರ. ಇವರ ಕೈಯಾಗ ಇನ್ನೂ ಏನಿಲ್ಲ. ಶುಕ್ರವಾರ ಬರೂದಿಲ್ರಿ ಇವರು."

ದಾದಾಸಾಹೇಬರು ಅವಳನ್ನು ನೋಡಿದರು, ಅವನನ್ನು ನೋಡಿದರು.

"ಜ್ವಾಕಿ ತಮ್ಮಣ್ಣಾ. ನನ್ನ ಶೆಡ್ಡಿನ ಜಾಬರ ನೀನೋ ನಿನ್ನ ಹೇಂತಿನೋ?"

ತಮ್ಮಣ್ಣನಿಗೆ ಅರ್ಧ ಮಾತು ಕೇಳಿತ್ತೋ ಇಲ್ಲವೋ. ಹೆಂಡತಿಯ ಮುಖ ನೋಡಿ ತಿಳಿದುಕೊಂಡ.

"ಆಕಿ ಅಂದದ್ದ ಖರೇ ಐತ್ರಿ," ಎಂದ. "ಹಳೇ ಶೆಡ್ಡಿಗಿ ಆರ ದಿನ ಜೀವ ಹಚ್ಚಿ ಮಾಡ್ತೇನ್ರಿ. ಶುಕ್ರವಾರ ಬ್ಯಾಡ್ರಿ."

"ದೊಡ್ಡ ಜಾಬರಕಿ ಹೋಗ್ತೈತಿ."

"ಹೋಗ್ಲೇಳ್ರಿ."

ದಾದಾಸಾಹೇಬರು ಕೊಡೆ ಬಿಚ್ಚಿಕೊಂಡು ನಡೆದರು. ಹೊಸ ಶೆಡ್ಡಿನ ಕೀಲಿಕೈ ವಾರದೊಳಗೆ ರಾಮಲಿಂಗ ಎಂಬ ಬೇರೆ ಜಾಬರನಿಗೆ ಹೋಯಿತು. ಅವನು ತಮ್ಮಣ್ಣನ ಕೈಕೆಳಗೇ ಕಲಿತವನು. ಓಣಿಯ ಹೆಂಗಸರು ನಳದ ಹತ್ತಿರ ಚೆನ್ನವ್ವನಿಗೆ ಕೇಳುವ ಹಾಗೆ ಮಾತಾಡಿಕೊಂಡರು. ಅವಳು ಕೊಡ ತುಂಬಿಕೊಂಡು ಬಂದಳು.

ಮಾಲಕರು ಬಂದುಹೋದ ಮರುದಿನವೇ ಶುಕ್ರವಾರ. ಹೊಳೆಯ ದಿಬ್ಬವಿರಲಿಲ್ಲ, ಹಕ್ಕಿಯಿರಲಿಲ್ಲ. ತಮ್ಮಣ್ಣ ಕತ್ತಲಲ್ಲೇ ಎದ್ದು ಕೂತ. ಎಲ್ಲಿಗೆ ಹೋಗಬೇಕೆಂದು ಅವನಿಗೇ ಗೊತ್ತಿರಲಿಲ್ಲ. ಚೆನ್ನವ್ವ ಬುತ್ತಿ ಕಟ್ಟಿದಳು, ಕ್ಯಾಮೆರಾವನ್ನು ನೀರಿಳಿಯದ ಮೇಣಗಪಡದಲ್ಲಿ ಸುತ್ತಿದಳು, ಹುಡುಗರಿಗೂ ಅಂಗಿ ತೊಡಿಸಿದಳು.

"ನಡೀರಿ, ಗಡಹಿಂಗ್ಲಜಕ್ಕ ಹೋಗೂಣು. ಹಿರಣ್ಯಕೇಶಿ ಹೊಳಿ ತುಂಬಿರತೈತಿ. ನಮ್ಮವ್ವನ ಮನಿ ಹಿಂದಿನ ದಂಡ್ಯಾಗ ಮಿಂಚುಳ್ಳಿ ಬಿಲಾ ತೋಡ್ತಾವ. ಸಣ್ಣಾಕಿದ್ದಾಗ ನೋಡೇನಿ."

"ಎಷ್ಟ ಹತ್ರ ಹೋಗಾಕ ಬರ್ತೈತಿ?"

"ನನಗೇನ ಗೊತ್ತ್ರಿ? ಹೋಗಿ ನೋಡೂದು."

"ಈ ಮಳ್ಯಾಗ ಸಿಗ್ಲಿಲ್ಲಂದ್ರ?"

"ಬಸ್ಸ ತಪ್ಪತೈತಿ, ಏಳ್ರಿ ಮದಲ," ಎಂದಳು.